ಆರೈಕೆ ಕಡಮೆ ಬೇಡುವ ಹುಲ್ಲುಹಾಸು: ಜಾತಿಗಳನ್ನು ಪರೀಕ್ಷಿಸುವ ಕ್ರಮ

ಶಾಲೆಯ ಆಟದ ಬಯಲು, ಪಂಚಾಯತಿ ಕಟ್ಟಡದ ಅಂಗಳ, ದೇವಸ್ಥಾನದ ಮುಂದಣ ಮೈದಾನ, ಇವುಗಳಿಗೆ ಹುಲ್ಲು ಹಾಸಿದರೆ ಧೂಳು ಅಡಗುವುದು. ಮಳೆಯ ನೀರಿಗೆ ಮಣ್ಣು ಕೊಚ್ಚಿಹೋಗುವುದು ತಪ್ಪುವುದು. ಆದರೆ ಬೇಸಗೆಯಲ್ಲಿ ಕುಡಿಯುವ ನೀರಿಗೇ ಕೊರತೆಯಿರತಕ್ಕ ಊರಿನಲ್ಲಿ ಹುಲ್ಲಿಗೆ ನೀರು ಹಾಯಿಸುವುದು ನ್ಯಾಯವಲ್ಲ. ಆದುದರಿಂದ ನೀರು, ಗೊಬ್ಬರ, ಕೂಲಿಯ ಖರ್ಚು ಇವನ್ನು ಹೆಚ್ಚಾಗಿ ಬೇಡದ ಹುಲ್ಲನ್ನು ಆರಿಸುವುದು ಅವಶ್ಯ. ಇದರಲ್ಲಿ ಒಂದು ತೊಡಕುಂಟು. ಆರೈಕೆಯಿಲ್ಲದೆ ಬದುಕಿ ಹಬ್ಬುವುದು ಹುಲ್ಲುಹಾಸಿಗೆ ಶ್ರೇಷ್ಠವಾದ ಗುಣ. ಪಕ್ಕದ ಹೊಲಕ್ಕೆ ನುಗ್ಗಿದಾಗ ಅದೇ ಕಳೆಯ ಗುಣವಾಗುವುದು. ಎರಡನ್ನೂ ಪರೀಕ್ಷಿಸಿದ ಹೊರತು ಯಾವ ಹುಲ್ಲನ್ನೂ ವಿಸ್ತಾರವಾಗಿ ಹಾಕತಕ್ಕದ್ದಲ್ಲ.

ಗರಿಕೆಯೇ ಇದಕ್ಕೆ ನಿದರ್ಶನ. ಗಣಪತಿಯ ಪೂಜೆಗೆ ಗರಿಕೆ ಬೇಕು. ಹೊಲವನ್ನು ಹೊಕ್ಕರೆ ಮಾತ್ರ ಒಕ್ಕಲಿಗನಿಗೆ ಸಂಕಟ. ಇದು ನೆಲದ ಮೇಲೆ ಕುಡಿಗಳನ್ನೂ ನೆಲದೊಳಗೆ ಕಾಂಡಗಳನ್ನೂ ಹರಿಸುವುದರಿಂದ ಬೇಸಗೆಯಲ್ಲಿ ಕಂದಿದರೂ ಮಳೆ ಬಿದ್ದೊಡನೆ ಚಿಗುರುವುದು, ತುಳಿತವನ್ನೂ ತಡೆಯುವುದು. ಆದರೆ ನೆರಳಿನಲ್ಲಿ ಸೊರಗುವುದು. ಉಳುಮೆಯಲ್ಲಿ ತುಂಡಾದ ಗೆಣ್ಣುಗಳು ಮತ್ತೆ ಬೇರುಬಿಟ್ಟು ಹೊಸ ಗಿಡಗಳಾಗುವುವು.

ಗರಿಕೆಯೊಡನೆ ಹೋಲಿಸಿ ನೋಡತಕ್ಕ ಹುಲ್ಲುಗಳು ಮುಖ್ಯವಾಗಿ ಮೂರು. ಸಸಿತೋಟಗಳಲ್ಲಿ ಕೊರಿಯನ್ ಹುಲ್ಲೆಂಬ ಹೆಸರಿನಿಂದ ಮಾರುವ ಜೋಯಿಸಿಯ ಹುಲ್ಲು ನೆಲವನ್ನು ಮುಚ್ಚಲು ಬಹುಕಾಲ ಹಿಡಿಯುವುದು. ಒಮ್ಮೆ ದಟ್ಟವಾಗಿ ಹೆಣೆದುಕೊಂಡರೆ ಪದೇ ಪದೇ ಕತ್ತರಿಸಬೇಕಾಗಿಲ್ಲ. ಅಗಲವಾದ ಎಲೆಯ ಕಾರ್ಪೆಟ್ ಹುಲ್ಲು ನೆರಳಿಗೂ ತೇವಕ್ಕೂ ಒಗ್ಗುವುದು, ಬರವನ್ನು ತಾಳಲಾರದು. ಚೀನಾ ಮೂಲದ ಸೆಂಟಿಪೀಡ್ ಹುಲ್ಲಿನ ಬೀಜವು ೧೯೧೬ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ದಕ್ಷಿಣ ಪ್ರಾಂತಗಳಲ್ಲಿ ಸೋಮಾರಿಯ ಹುಲ್ಲೆಂದು ಪ್ರಸಿದ್ಧವಾಯಿತು. ಇದು ಸಾರವಿಲ್ಲದ ಹುಳಿ ಮಣ್ಣಿನಲ್ಲೂ ಬೆಳೆಯುವುದು. ಇದಕ್ಕೆ ನೆಲದೊಳಗೆ ಹರಿಯುವ ಕಾಂಡವಿಲ್ಲದ ಕಾರಣ ಅಂಚಿನಲ್ಲಿ ಕಿತ್ತು ತಡೆಯುವುದು ಸುಲಭ. ಸುಣ್ಣದಂಶ ಹೆಚ್ಚಿದ ನೆಲದಲ್ಲಾದರೋ ಕಬ್ಬಿಣದ ಸತ್ವವು ದೊರೆಯದೆ ಹಳದಿಯಾಗುವುದು. ಮಲೆನಾಡಿನ ಕೆಂಪು ಮಣ್ಣಿಗೆ ಒಪ್ಪಿದ ಹುಲ್ಲು ಬಯಲುಸೀಮೆಯ ಕರಿಮಣ್ಣಿಗೆ ಒಪ್ಪುವುದೆಂದು ಊಹಿಸಬಾರದೆಂಬುದು ಇದರಿಂದ ವ್ಯಕ್ತವಾಗುವುದು.

ಪರೀಕ್ಷೆಯ ಕ್ರಮ

ಹುಲ್ಲು ಹಾಕಬೇಕಾದ ನೆಲದಲ್ಲಿಯೇ ೬ ಅಡಿ ಚೌಕದ ಮಡಿಗಳನ್ನು ಮಾಡಿ, ನಡುವೆ ೨ ಅಡಿ ಬರಿಯ ನೆಲವನ್ನು ಬಿಡತಕ್ಕದ್ದು. ಒಂದೊಂದು ಜಾತಿಗೂ ಬೇರೆ ಬೇರೆ ಕಡೆಗಳಲ್ಲಿ ೩ ಮಡಿಗಳಿರಬೇಕು. ಒಂದೇ ಮಡಿಯಾದರೆ ತಗ್ಗಿನ ತೇವದಿಂದ ಬಂದ ಏಳಿಗೆಯನ್ನು ಹುಲ್ಲಿನ ಗುಣವೆಂದು ತಪ್ಪಾಗಿ ಎಣಿಸುವ ಸಂಭವವುಂಟು. ಊರಿನ ಗರಿಕೆಯನ್ನು ಹೋಲಿಕೆಗಾಗಿ ತಪ್ಪದೆ ನೆಡಬೇಕು.

ಆರಿದ್ರಾ ಮಳೆಯಲ್ಲಿ ನೆಟ್ಟು, ಬೇರು ಹಿಡಿಯುವವರೆಗೆ ಮಾತ್ರ ನೀರು ಕೊಟ್ಟು ಅನಂತರ ನಿಲ್ಲಿಸಬೇಕು. ಮಡಿಗಳ ಮೇಲೆ ಜನ ನಡೆದಾಡುವಂತೆ ಒಂದು ಕಾಲುದಾರಿಯನ್ನೂ ಬಿಡಬೇಕು. ನೀರೆರೆದು ಕಾವಲಿಟ್ಟು ಬೆಳೆಸಿದ ಹುಲ್ಲು ಹಸುರಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಅಲಕ್ಷ್ಯದಲ್ಲಿಯೂ ಉಳಿಯುವುದು ಯಾವುದೆಂಬುದೇ ಇಲ್ಲಿಯ ಪ್ರಶ್ನೆ.

ಅಮೆರಿಕದಲ್ಲಿ ೧೯೮೦ರಲ್ಲಿ ಆರಂಭವಾದ ರಾಷ್ಟ್ರೀಯ ಹುಲ್ಲುಹಾಸು ಪರೀಕ್ಷಾ ಯೋಜನೆಯಲ್ಲಿ ೧ರಿಂದ ೯ರವರೆಗೆ ಅಂಕಗಳನ್ನು ಕೊಡುವರು. ೬ ಅಂಕ ಬಂದರೆ ಸಾಧಾರಣವಾಗಿ ಸಮ್ಮತ, ೯ ಅತ್ಯುತ್ತಮ. ಇದೇ ಮೇರೆಗೆ ತಿಂಗಳಿಗೊಮ್ಮೆ ಒಬ್ಬರೇ ನೋಡಿ ದಟ್ಟತೆ, ಬಣ್ಣ, ತುಳಿತದಿಂದ ಚೇತರಿಸುವಿಕೆ ಇವುಗಳಿಗೆ ಅಂಕಗಳನ್ನು ಬರೆದಿಡಬಹುದು. ಎಷ್ಟು ಸಲ ಕತ್ತರಿಸಬೇಕಾಯಿತು, ಕುಡಿಗಳು ಬರಿಯ ನೆಲದ ಮೇಲೆ ಎಷ್ಟು ಅಂಗುಲ ಮುಂದುವರಿದುವು ಎಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು. ಎರಡು ಬೇಸಗೆಗಳು ಕಳೆಯುವವರೆಗೆ ತೀರ್ಮಾನಕ್ಕೆ ಬರಬಾರದು.

ತೀರ್ಮಾನ

ಅಂಕದಲ್ಲಿ ಗರಿಕೆಯೇ ಮೇಲಾಗಬಹುದು. ಆಗಲೂ ಹೊಲಗದ್ದೆಗಳಿಗೆ ಹೊಂದಿದ ಬಯಲಿಗೆ ಅದನ್ನು ಹಾಕುವುದು ಉಚಿತವಲ್ಲ. ಗೋಡೆಯಾಗಲಿ ರಸ್ತೆಯಾಗಲಿ ಅಡ್ಡವಿರುವ ಅಂಗಳಕ್ಕೆ ಹಾಕಬಹುದು. ಹೊಲದ ಮಗ್ಗುಲಲ್ಲಿ, ಅಂಕ ಸ್ವಲ್ಪ ಕಡಮೆಯಾದರೂ ಮೆಲ್ಲಗೆ ಹಬ್ಬುವ ಹುಲ್ಲೇ ಮೇಲು. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಲಾವಂಚವನ್ನು ನೆಡುತ್ತ ಬಂದಿರುವುದರಲ್ಲಿ ಇದೇ ವಿವೇಕವು ಕಾಣುವುದು: ಅದು ಮಣ್ಣನ್ನು ಹಿಡಿಯುವುದು, ಕುಡಿಗಳನ್ನು ಹರಿಸಿ ಪೈರಿನ ಮೇಲೆ ಏರುವುದಿಲ್ಲ.

ಹೊರದೇಶದ ಬೀಜವನ್ನು ೨೦೦೩ರ ಸಸ್ಯ ಸಂಪರ್ಕ ನಿರೋಧ ಆಜ್ಞೆಗೆ ಅನುಸಾರವಲ್ಲದೆ ತರಿಸಕೂಡದು. ಪರೀಕ್ಷೆಯು ಮುಗಿದ ಮೇಲೆ ಬೇಡವಾದ ಮಡಿಗಳನ್ನು ಬೇರುಸಹಿತ ಅಗೆದು, ಕುಡಿಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಸುಡತಕ್ಕದ್ದು. ಅವನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದ ಸಂಗಡ ಹೊಲವನ್ನು ಸೇರಬಹುದು.