ಎರಡಾಣೆಯಿಂದ ಎದ್ದ ಮಣಿಪಾಲ

ತೀರ್ಥಹಳ್ಳಿ, ಕೊಪ್ಪ, ಹೊನ್ನಾವರದ ಕಡೆ ‘ಅವರನ್ನ ಮಣಿಪಾಲಕ್ಕೆ ಹಾಕಿದ್ದಾರಂತೆ’ ಎಂಬ ಸುದ್ದಿ ಬಂದರೆ ಮುಂದಿನದನ್ನು ಯಾರೂ ಬಿಡಿಸಿ ಕೇಳುವುದಿಲ್ಲ. ಕಾಯಿಲೆ ಸಣ್ಣದಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ತಲುಪಬೇಕಾದ ಕಡೆ ತಲುಪಿದ್ದಾರೆ ಎಂಬ ಸಮಾಧಾನವೂ ಜೊತೆಗೇ ಬರುತ್ತದೆ. ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ, ಪರ್ಕಳ ದಾಟಿ ಬರುವ ಬಸ್ಸುಗಳಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರು, ಫ್ಲಾಸ್ಕ್ ಮತ್ತು ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡವರು ಇದ್ದೇ ಇರುತ್ತಾರೆ. ಅವರ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹೊತ್ತ ವಿದ್ಯಾರ್ಥಿ. ಉಡುಪಿಯಿಂದ ಐದಾರು ಕಿಲೋಮೀಟರ್ ಮೂಡಣಕ್ಕೆ, ಏರು ರಸ್ತೆಯ ಮೇಲೆ ಇಬ್ಬರೂ ಇಳಿಯುತ್ತಾರೆ. ಈ ಊರು ಇರುವುದೇ ಇವರಿಬ್ಬರಿಗಾಗಿ.

ನೂರು ವರ್ಷದ ಹಿಂದೆ ಇಲ್ಲಿ ಊರೆಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಶಿವಳ್ಳಿ ಗ್ರಾಮಕ್ಕೆ ಸೇರಿದ ಮುರಕಲ್ಲಿನ ಬೋಳುಗುಡ್ಡೆ. ಮಳೆಗಾಲದಲ್ಲಿ ಸುರಿದದ್ದೆಲ್ಲ ಹರಿದು ಹೋಗಿ, ಬೇಸಿಗೆಯಲ್ಲಿ ಕಾದ ಕಲ್ಲು ಮಾತ್ರ ಉಳಿಯುತ್ತಿತ್ತು. ತಗ್ಗಿನಲ್ಲಿರುವ ಮಣ್ಣಪಳ್ಳದ ಕೆರೆ ಬಿಟ್ಟರೆ ಹೇಳಿಕೊಳ್ಳುವಂಥ ನೀರಿಲ್ಲ. ಕರಾವಳಿಯವರು ಗದ್ದೆ ಮಾಡಿದ್ದು, ತೋಟ ಮಾಡಿದ್ದು, ಪೇಟೆ ಕಟ್ಟಿದ್ದು ಹೊಳೆಬದಿಯಲ್ಲಿ. ಗುಡ್ಡೆ ಹತ್ತಿ ಊರು ಕಟ್ಟುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅದು ಬಂದದ್ದು ಒಬ್ಬ ಡಾಕ್ಟರಿಗೆ, ಆ ಡಾಕ್ಟರು ಬ್ಯಾಂಕನ್ನೂ ನಡೆಸುತ್ತಿದ್ದರು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರಲ್ಲಿ, ಸ್ವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಓದಿ ಉಡುಪಿಯಲ್ಲಿ ಔಷಧ ಕೊಡಲು ಕೂತರು. ಆ ಹೊತ್ತಿಗೆ ದಕ್ಷಿಣ ಕನ್ನಡದ ಕೈಮಗ್ಗದ ನೇಕಾರರು ದುಡಿಮೆಯಿಲ್ಲದೆ ಕಂಗಾಲಾಗಿದ್ದರು. ಅವರ ಕೈಗೆ ಬಂಡವಾಳ ಸಿಗಲಿ ಎಂದು 1925ರಲ್ಲಿ ಮಾಧವ ಪೈ, ಅವರ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ತೆರೆದರು. ಮೂಲ ಬಂಡವಾಳ 8,000 ರೂಪಾಯಿ. ಒಬ್ಬರು ವೈದ್ಯ, ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್. ಬ್ಯಾಂಕು ನಡೆಸುವುದನ್ನು ಅವರು ನಡೆಸುತ್ತಲೇ ಕಲಿತರು.

1928ರಲ್ಲಿ ಅವರು ಹುಡುಕಿದ ಉಪಾಯದ ಹೆಸರು ಪಿಗ್ಮಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಜನರ ಬಳಿಗೆ ಬ್ಯಾಂಕೇ ಹೋಗುವುದು. ಏಜೆಂಟು ದಿನಾ ಮನೆಬಾಗಿಲಿಗೆ, ಅಂಗಡಿಕಟ್ಟೆಗೆ, ಮೀನಿನ ಪೇಟೆಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾನೆ. ಎರಡಾಣೆಗಾಗಿ ಒಬ್ಬ ಮನುಷ್ಯನನ್ನು ಮನೆಮನೆಗೆ ಕಳಿಸುವುದು ಲೆಕ್ಕದ ಪುಸ್ತಕದಲ್ಲಿ ನಷ್ಟದ ಬಾಬತ್ತಿನಂತೆಯೇ ಕಾಣುತ್ತದೆ. ಆದರೆ ದಿನಗೂಲಿಯವನಿಗೆ, ಹೂವಿನ ಮಾಲೆ ಕಟ್ಟುವವಳಿಗೆ ತಿಂಗಳ ಕೊನೆಗೆ ಉಳಿಯುವ ಹಣ ಎಂಬುದೇ ಇರುವುದಿಲ್ಲ. ಸಂಜೆ ಕೈಯಲ್ಲಿದ್ದದ್ದು ಬೆಳಿಗ್ಗೆಗೆ ಇರುವುದಿಲ್ಲ. ಉಳಿಸುವುದಾದರೆ ಆ ಸಂಜೆಯೇ ಉಳಿಸಬೇಕು, ಅದನ್ನು ಆ ಸಂಜೆಯೇ ಯಾರಾದರೂ ಬಂದು ಎತ್ತಿಕೊಂಡು ಹೋಗಬೇಕು. ಬಡವರ ಹಣದ ಈ ನಡೆಯನ್ನು ಅರಿತವರು ಮಾತ್ರ ಪಿಗ್ಮಿಯಂಥದ್ದನ್ನು ಯೋಚಿಸಬಲ್ಲರು.

ನನಗೆ ಅನಿಸುವ ಪ್ರಕಾರ ಮಣಿಪಾಲದ ಗುಟ್ಟು ಇರುವುದು ಇಲ್ಲೇ. ದಿನದಿನವೂ ಬಂದ ಪಿಗ್ಮಿ ಯಾವಾಗ ನಿಲ್ಲುತ್ತದೆ? ಮನೆಯಲ್ಲಿ ಯಾರಾದರೂ ಮಲಗಿದಾಗ. ಕೂಡಿಟ್ಟದ್ದು ಯಾವುದಕ್ಕೆ ಖಾಲಿಯಾಗುತ್ತದೆ? ಆಸ್ಪತ್ರೆಗೆ, ಮಕ್ಕಳ ಫೀಸಿಗೆ, ಮದುವೆಗೆ. ರೋಗಿಯ ನಾಡಿ ನೋಡಿದ ಕೈಯಲ್ಲೇ ಪಾಸ್‌ಬುಕ್ಕನ್ನೂ ನೋಡಿದ ಮಾಧವ ಪೈಗಳಿಗೆ ಬಡತನ, ಅನಕ್ಷರತೆ, ಅನಾರೋಗ್ಯ ಮೂರೂ ಒಂದೇ ಗಂಟಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ಯಾಂಕಿನಿಂದ ಅದರ ಒಂದು ಎಳೆ ಬಿಡಿಸಿಕೊಂಡೀತು. ಉಳಿದ ಎರಡಕ್ಕೆ ಬೇರೆ ಸಂಸ್ಥೆಗಳೇ ಬೇಕಿದ್ದವು.

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಹುಟ್ಟಿತು. ಅದರ ಆರಂಭ ದೊಡ್ಡ ಕಾಲೇಜುಗಳಿಂದ ಆಗಲಿಲ್ಲ, ಶಾಲೆ ಬಿಟ್ಟ ಹುಡುಗರಿಗೆ ಕಸುಬು ಕಲಿಸುವುದರಿಂದ ಆಯಿತು. ಆಗ ಉಡುಪಿಯ ಹುಡುಗ ಕಾಲೇಜು ಓದಬೇಕಾದರೆ ಮಂಗಳೂರಿಗೆ ಹೋಗಿ ಯಾರ ಮನೆಯಲ್ಲಾದರೂ ನಿಲ್ಲಬೇಕಿತ್ತು. ಹುಡುಗಿಯರ ಮಟ್ಟಿಗೆ ಆ ದಾರಿಯೂ ಬಹುಪಾಲು ಮುಚ್ಚಿತ್ತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಶುರುವಾದಾಗ ಅದು ತಪ್ಪಿತು. ಅದೇ ಎಂಜಿಎಂ ಆವರಣದಲ್ಲಿ ಮುಂದೆ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಬಂತು, ಆರು ಸಂಪುಟಗಳ ತುಳು ನಿಘಂಟು ಅಲ್ಲಿ ಸಿದ್ಧವಾಯಿತು. ಕಾರ್ಕಳದ ಭುವನೇಂದ್ರ ಕಾಲೇಜು, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು ಅಕಾಡೆಮಿಯ ನೆರಳಿನಲ್ಲೇ 1960ರ ದಶಕದಲ್ಲಿ ಎದ್ದವು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಇಂಥ ಕಾಲೇಜುಗಳಿಂದಲೇ ಬಂದವರು.

1953ರಲ್ಲಿ ಗುಡ್ಡೆಯ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾಯಿತು. ಸರ್ಕಾರ ಮಾತ್ರ ಮಾಡಬಲ್ಲ ಕೆಲಸ ಎಂದು ದೇಶವೆಲ್ಲ ನಂಬಿದ್ದ ಕೆಲಸ ಅದು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು, ಆದರೆ ಕಾಲೇಜಿಗೆ ಮಾನ್ಯತೆ ಕೊಟ್ಟದ್ದು ಬೊಂಬಾಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ರಾಜ್ಯ ಒಂದಾಗುವುದಕ್ಕೆ ಮೊದಲೇ ಧಾರವಾಡವೂ ಉಡುಪಿಯೂ ಹೀಗೆ ಒಂದು ಗಂಟು ಹಾಕಿಕೊಂಡದ್ದು ನೆನಪಿಡಬೇಕಾದ ಸಂಗತಿ. ಕಾಲೇಜೇನೋ ಆಯಿತು, ರೋಗಿಗಳು ಎಲ್ಲಿ? ಬೋಳುಗುಡ್ಡೆಗೆ ಯಾರೂ ಬರುತ್ತಿರಲಿಲ್ಲ. ಅಂಗರಚನೆ, ಶರೀರಶಾಸ್ತ್ರ ಮಣಿಪಾಲದಲ್ಲಿ, ರೋಗಿಗಳ ಪಕ್ಕ ನಿಂತು ಕಲಿಯುವುದು ಅರವತ್ತು ಕಿಲೋಮೀಟರ್ ದೂರದ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಎಂಬ ಏರ್ಪಾಡಾಯಿತು. ಇದರಲ್ಲಿ ವಿದ್ಯಾರ್ಥಿಗಳಿಗೆ ಆದಷ್ಟೇ ಲಾಭ ವೆನ್ಲಾಕಿನ ಬಡರೋಗಿಗಳಿಗೂ ಆಯಿತು. ಕಾಲೇಜಿನ ಪ್ರಾಧ್ಯಾಪಕರು ಜಿಲ್ಲಾಸ್ಪತ್ರೆಯ ವಾರ್ಡುಗಳಿಗೆ ಬಂದು ನೋಡತೊಡಗಿದರು. ಖಾಸಗಿ–ಸರ್ಕಾರಿ ಸಹಭಾಗಿತ್ವ ಎಂಬ ದೊಡ್ಡ ಮಾತು ಕಡತಗಳಿಗೆ ಹತ್ತುವುದಕ್ಕೆ ಎಷ್ಟೋ ಮುಂಚೆ ನಡೆದದ್ದು ಇದು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1961ರಲ್ಲಿ ಮಣಿಪಾಲದಲ್ಲೇ ಕಸ್ತೂರ್ಬಾ ಆಸ್ಪತ್ರೆ.

ಬ್ಯಾಂಕನ್ನು ಈ ಹೊತ್ತಿಗೆ ಹೆಗಲ ಮೇಲೆ ಹೊತ್ತವರು ಉಪೇಂದ್ರ ಪೈಗಳ ಮಗ ಟಿ. ಎ. ಪೈ. ಜನರಲ್ ಮ್ಯಾನೇಜರ್ ಆಗಿ ಅವರು ಮಾಡಿದ ಕೆಲಸಗಳನ್ನು ಇಂದು ಓದಿದರೆ ಬೆರಗಾಗುತ್ತದೆ. ನಗರಗಳಲ್ಲಿ ಕಂಪನಿಗಳ ಹಿಂದೆ ಬ್ಯಾಂಕುಗಳು ಓಡುತ್ತಿದ್ದ ಕಾಲದಲ್ಲಿ ಇವರ ಬ್ಯಾಂಕು ಹಳ್ಳಿಗಳಲ್ಲಿ ಶಾಖೆ ತೆರೆದು ರೈತರಿಗೆ ಸಾಲ ಕೊಟ್ಟಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯ ಶಾಖೆ ಶುರುವಾಯಿತು. ಅದೇ ದಶಕದಲ್ಲಿ ಬ್ಯಾಂಕು ‘ಸಿಂಡಿಕೇಟ್ ಬ್ಯಾಂಕ್’ ಎಂದು ಹೆಸರು ಬದಲಿಸಿಕೊಂಡು ಪ್ರಧಾನ ಕಚೇರಿಯನ್ನು ಉಡುಪಿಯಿಂದ ಮಣಿಪಾಲಕ್ಕೆ ತಂದಿತು. ರೈಲಿಲ್ಲದ, ಮಹಾನಗರದಿಂದ ದೂರದ ಒಂದು ಗುಡ್ಡೆಯಿಂದ ದೇಶದ ಉದ್ದಗಲದ ಶಾಖೆಗಳನ್ನು ನಡೆಸಬಹುದು ಎಂಬ ಆತ್ಮವಿಶ್ವಾಸ ಸಣ್ಣದಲ್ಲ. ಬೊಂಬಾಯಿಗೆ ಹೋಗಿದ್ದರೆ ಬ್ಯಾಂಕಿಗೆ ಅನುಕೂಲವಿತ್ತು. ಇಲ್ಲೇ ಉಳಿದದ್ದರಿಂದ ಅನುಕೂಲವಾದದ್ದು ಊರಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದ ಎಷ್ಟೋ ಹುಡುಗರು ಬ್ಯಾಂಕಿನ ಕೆಲಸ ಹಿಡಿದು, ಮನಿಯಾರ್ಡರ್ ಕಳಿಸಿ, ತಂಗಿ ತಮ್ಮಂದಿರನ್ನು ಓದಿಸಿದರು.

1965ರಲ್ಲಿ ಟಿ. ಎ. ಪೈ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಅವರದೂ ಒಂದು. ಮನೆಯವರು ಕಟ್ಟಿದ ಬ್ಯಾಂಕು ಸರ್ಕಾರದ ಪಾಲಾದ ಮೇಲೂ ಅದರ ಕಸ್ಟೋಡಿಯನ್ ಆಗಿ ಕೆಲಸ ಮುಂದುವರಿಸಿದರು. ಮುಂದೆ ಜೀವವಿಮಾ ನಿಗಮದ ಅಧ್ಯಕ್ಷತೆ, ಕೇಂದ್ರದಲ್ಲಿ ರೈಲ್ವೆ ಮತ್ತು ಬೃಹತ್ ಕೈಗಾರಿಕೆಯ ಸಚಿವಗಿರಿ. ದೇಶದ ಮೊದಲ ಗ್ರಾಮೀಣ ಬ್ಯಾಂಕು ‘ಪ್ರಥಮಾ’ 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದರ ಪ್ರಾಯೋಜಕ ಸಿಂಡಿಕೇಟ್ ಬ್ಯಾಂಕೇ. ದೆಹಲಿಯಿಂದ ಮರಳಿದ ಪೈಗಳು 1980ರಲ್ಲಿ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯೊಂದನ್ನು ಹುಟ್ಟುಹಾಕಿದರು, ಈಗ ಅದು ಅವರದೇ ಹೆಸರಿನಲ್ಲಿದೆ. ಮರುವರ್ಷ ತೀರಿಕೊಂಡರು. ಚಿಕ್ಕಪ್ಪ ಮಾಧವ ಪೈ 1979ರಲ್ಲೇ ಹೋಗಿದ್ದರು.

ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇಂದು ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಹೊರರೋಗಿ ವಿಭಾಗದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಶಿವಮೊಗ್ಗದ ಕನ್ನಡ, ಕುಂದಾಪುರದ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಊರಿನ ಬಡವರನ್ನು ತಲುಪಿದ್ದು ಮಾತ್ರ ಈ ದೊಡ್ಡ ಕಟ್ಟಡಕ್ಕಿಂತ ಸಣ್ಣ ಏರ್ಪಾಡುಗಳು ಎಂಬುದು ನನ್ನ ಎಣಿಕೆ. ಮಲ್ಪೆಯಂಥ ಮೀನುಗಾರರ ಊರುಗಳಲ್ಲಿ ಮೆಡಿಕಲ್ ಕಾಲೇಜು ನಡೆಸಿದ ತಾಯಿ–ಮಗುವಿನ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರ ತಪಾಸಣೆ, ಮಕ್ಕಳಿಗೆ ಲಸಿಕೆ ಮನೆಯ ಹತ್ತಿರವೇ ಸಿಕ್ಕಿತು. ಇಡೀ ಕುಟುಂಬಕ್ಕೆ ರಿಯಾಯಿತಿ ಕೊಡುವ ‘ಮಣಿಪಾಲ ಆರೋಗ್ಯ ಕಾರ್ಡ್’ ಬಂದು ಎರಡು ದಶಕ ದಾಟಿತು. ಕಾರ್ಡ್ ಮಾಡಿಸುವ ದಿನಗಳಲ್ಲಿ ಸಂಘ ಸಂಸ್ಥೆಗಳವರು ಹಳ್ಳಿಹಳ್ಳಿಯಲ್ಲಿ ಹೆಸರು ಬರೆಸುತ್ತಾರೆ. ಪಿಗ್ಮಿಯ ಯೋಚನೆಯೇ ಇನ್ನೊಂದು ರೂಪದಲ್ಲಿ ಇಲ್ಲಿದೆ: ಸ್ವಲ್ಪ ಮೊದಲೇ ಕಟ್ಟಿಡು, ಕಷ್ಟ ಬಂದಾಗ ಆಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಮಣಿಪಾಲದ ಪರಿಚಯ ಪೂರ್ತಿಯಾಗುವುದಿಲ್ಲ. ಸರ್ಕಾರದ ಹಣವಿಲ್ಲದೆ ಮೆಡಿಕಲ್ ಕಾಲೇಜು ನಡೆದದ್ದು ವಿದ್ಯಾರ್ಥಿಗಳಿಂದ ಪಡೆದ ಹಣದಿಂದ. ಬೇರೆ ದಾರಿ ಆಗ ಇರಲಿಲ್ಲ, ಆ ಹಣದಿಂದ ಎದ್ದ ಆಸ್ಪತ್ರೆಯಲ್ಲಿ ಲಕ್ಷಾಂತರ ಜನ ಬದುಕಿಕೊಂಡರು ಎಂಬುದೂ ಸತ್ಯ. ಆದರೆ ಅದೇ ದಾರಿ ಹಿಡಿದು ರಾಜ್ಯದ ಉದ್ದಗಲಕ್ಕೂ ಕಾಲೇಜುಗಳು ಹುಟ್ಟಿದವು, ಕ್ಯಾಪಿಟೇಶನ್ ಎಂಬ ಮಾತು ಮಧ್ಯಮ ವರ್ಗದ ಮನೆಗಳಲ್ಲಿ ಭಯ ಹುಟ್ಟಿಸತೊಡಗಿತು. ಅದನ್ನು ತಡೆಯಲು 1984ರಲ್ಲಿ ಕರ್ನಾಟಕ ಕಾನೂನು ತಂದಿತು. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳ ಸ್ವಾತಂತ್ರ್ಯ ಎಷ್ಟು, ಸರ್ಕಾರದ ಅಂಕುಶ ಎಷ್ಟು ಎಂದು ತೀರ್ಪಿತ್ತಾಗ ಆ ಮೊಕದ್ದಮೆಯ ಹೆಸರೇ ‘ಟಿ. ಎಂ. ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ಸರ್ಕಾರ’. 1993ರಿಂದ ಮಣಿಪಾಲ ಡೀಮ್ಡ್ ವಿಶ್ವವಿದ್ಯಾಲಯ. ದೇಶ ವಿದೇಶದ ಮಕ್ಕಳು ಬರುತ್ತಾರೆ, ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಊರಿಗೆ ಹೆಮ್ಮೆ ಇದೆ. ಆದರೆ ದಿನಾ ಪಿಗ್ಮಿ ಕಟ್ಟುವ ಮನೆಯ ಮಗಳಿಗೆ ಇಲ್ಲಿಯ ವೈದ್ಯಕೀಯ ಸೀಟಿನ ಶುಲ್ಕ ಎಟುಕುವುದಿಲ್ಲ. ಅವಳು ಇಲ್ಲಿಗೆ ರೋಗಿಯಾಗಿ ಸುಲಭವಾಗಿ ಬರಬಲ್ಲಳು, ವಿದ್ಯಾರ್ಥಿಯಾಗಿ ಬರುವುದು ಕಷ್ಟ. ಕಟ್ಟಿದವರ ಮೇಲಿನ ಗೌರವದಿಂದಲೇ ಈ ಕೊರತೆಯನ್ನು ಎತ್ತಿ ಹೇಳಬೇಕು.

ಪಿಗ್ಮಿ ಏಜೆಂಟರ ಪಾಲಿಗೂ ನ್ಯಾಯ ತಡವಾಗಿಯೇ ಬಂತು. ಬಿಸಿಲಲ್ಲಿ ಮಳೆಯಲ್ಲಿ ಕಮಿಷನ್ನಿಗಾಗಿ ತಿರುಗಿದ ಇವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ, ಯೋಜನೆ ಶುರುವಾಗಿ ಎಪ್ಪತ್ತು ವರ್ಷ ಕಳೆದ ಮೇಲೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು, ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕು ಬರೋಡಾಕ್ಕೆ. ಮಣಿಪಾಲದ ಪ್ರಧಾನ ಕಚೇರಿಯ ಫಲಕ ಬದಲಾಯಿತು. ಸಿಂಡಿಕೇಟ್ ಸರ್ಕಲ್ ಎಂಬ ಹೆಸರು ಮಾತ್ರ ಆಟೋದವರ ಬಾಯಲ್ಲಿ ಹಾಗೇ ಇದೆ. ಅದೇ ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈ, ಕೆಡವಿ ಹಾಕುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೂ ಇಲ್ಲಿದೆ. ಮಣಿಪಾಲಕ್ಕೆ ಬಂದವರು ಆಸ್ಪತ್ರೆಯ ಕೆಲಸ ಮುಗಿಸಿ ಹೊರಟುಬಿಡದೆ ಅದನ್ನೊಮ್ಮೆ ನೋಡಬೇಕು.

ಬ್ಯಾಂಕು ಬಿಟ್ಟುಹೋದದ್ದರಲ್ಲಿ ಕಟ್ಟಡಕ್ಕಿಂತ ಹೆಚ್ಚು ದೂರ ಹರಡಿದ್ದು ಉಜಿರೆಯ ರುಡ್‌ಸೆಟ್. ಧರ್ಮಸ್ಥಳದ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಅದನ್ನು ತೆರೆದವು. ಕೆಲಸವಿಲ್ಲದ ಯುವಕರಿಗೆ ಊಟ, ವಸತಿ ಕೊಟ್ಟು, ಹೊಲಿಗೆ, ಮೋಟಾರು ರಿಪೇರಿ, ಹೈನುಗಾರಿಕೆ ಕಲಿಸಿ, ಬ್ಯಾಂಕ್ ಸಾಲದ ದಾರಿ ತೋರಿಸಿ ಕಳಿಸುವ ಕೇಂದ್ರ. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ತೆಗೆದುಕೊಂಡು ಜಿಲ್ಲೆಗೊಂದರಂತೆ ತರಬೇತಿ ಸಂಸ್ಥೆ ತೆರೆಸಿತು, ಅವನ್ನು ನಡೆಸುವ ಹೊಣೆ ಬ್ಯಾಂಕುಗಳದೇ. 1942ರಲ್ಲಿ ಅಕಾಡೆಮಿ ಶಾಲೆ ಬಿಟ್ಟ ಹುಡುಗರಿಗೆ ಕಲಿಸಲು ಹೊರಟದ್ದನ್ನೇ ಇಂದು ಬಿಹಾರದ, ಅಸ್ಸಾಮಿನ ಹುಡುಗ ಹುಡುಗಿಯರು ತಮ್ಮ ಜಿಲ್ಲೆಯಲ್ಲಿ ಕಲಿಯುತ್ತಿದ್ದಾರೆ.