ಸಾಕ್ಷಿ ಮಾತು ಬದಲಾದ್ರೆ ಕೇಸ್ ಬಿದ್ದೇ ಹೋಗುತ್ತಾ?

ದೊಡ್ಡ ಕ್ರಿಮಿನಲ್ ಕೇಸ್ ಸುದ್ದಿಯಲ್ಲಿದ್ದಾಗೆಲ್ಲ ಕಾಮೆಂಟ್‌ಗಳಲ್ಲಿ ಒಂದು ಮಾತು ಕಾಣಿಸುತ್ತೆ: 'ಸಾಕ್ಷಿ ಆಗ ಒಂದು ಹೇಳಿದ್ದ, ಈಗ ಇನ್ನೊಂದು ಹೇಳ್ತಿದ್ದಾನೆ. ಕೇಸ್ ಮುಗೀತು ಬಿಡಿ.' ನಿಜಕ್ಕೂ ಮುಗಿಯುತ್ತಾ? ಇವತ್ತಿನ ಎಪಿಸೋಡ್ ಇದರ ಬಗ್ಗೆ.

ಒಂದು ಕಾಲ್ಪನಿಕ ಉದಾಹರಣೆ ಇಟ್ಕೊಳ್ಳೋಣ. ರಾತ್ರಿ ಟೀ ಅಂಗಡಿ ಮುಂದೆ ಜಗಳ, ಒಬ್ಬನಿಗೆ ಚಾಕು ಇರಿತ. ಅಂಗಡಿಯವರು ನೋಡಿದ್ದಾರೆ. ಪೊಲೀಸರಿಗೆ 'ಎಂಟೂಕಾಲು, ನೀಲಿ ಶರ್ಟ್' ಅಂದಿದ್ರು. ಮೂರು ವರ್ಷದ ನಂತರ ಕಟಕಟೆಯಲ್ಲಿ ನಿಂತು 'ಎಂಟೂವರೆ ಇರಬಹುದು, ಕಪ್ಪು ಶರ್ಟ್' ಅಂತಾರೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಆಡಿಟ್ ನೆನಪಾಗುತ್ತೆ. ಒಂದು ವೋಚರ್‌ನಲ್ಲಿ ತಾರೀಖು ತಪ್ಪಿದೆ ಅಂತ ಇಡೀ ಲೆಡ್ಜರನ್ನ ಯಾರೂ ಎಸೆಯಲ್ಲ. ಆ ತಪ್ಪಿನಿಂದ ಒಟ್ಟು ಲೆಕ್ಕವೇ ಬದಲಾಗುತ್ತಾ ಅಂತ ನೋಡ್ತಾರೆ. ಕೋರ್ಟ್ ಕೂಡ ಹೆಚ್ಚುಕಮ್ಮಿ ಇದನ್ನೇ ಕೇಳುತ್ತೆ. ಮನುಷ್ಯನ ನೆನಪು ವಿಡಿಯೊ ಟೇಪ್ ಅಲ್ಲ, ಸಮಯವನ್ನ ಜನ ಅಂದಾಜಿನಲ್ಲೇ ಹೇಳೋದು, ವಕೀಲರ ಪಾಟಿ ಸವಾಲಿಗೆ ಗಲಿಬಿಲಿ ಆಗೋದು ಸಹಜ ಅಂತ ಸುಪ್ರೀಂ ಕೋರ್ಟ್ 1983ರಲ್ಲೇ, ಗುಜರಾತಿನ ಭೋಗಿನ್‌ಭಾಯಿ ಪ್ರಕರಣದಲ್ಲಿ ಹೇಳಿದೆ.

ಆದರೆ ಅದೇ ಅಂಗಡಿಯವರು ಪೊಲೀಸರಿಗೆ 'ನಾನು ಒಳಗಿದ್ದೆ, ಕೂಗು ಕೇಳಿ ಹೊರಗೆ ಬಂದೆ' ಅಂದು, ಕೋರ್ಟಲ್ಲಿ 'ಇವನೇ ಇರಿದಿದ್ದು, ಕಣ್ಣಾರೆ ಕಂಡೆ' ಅಂದ್ರೆ? ಇದು ಸಣ್ಣ ವ್ಯತ್ಯಾಸ ಅಲ್ಲ, ಬುಡವೇ ಅಲುಗಾಡಿತು. ಪೊಲೀಸರಿಗೆ ಕೊಟ್ಟ ಹೇಳಿಕೆ ಮೇಲೆಯೇ ಶಿಕ್ಷೆ ಕೊಡೋಕಾಗಲ್ಲ. ಆದರೆ ಇಂಥ ವಿರೋಧಾಭಾಸ ತೋರಿಸೋಕೆ ಆರೋಪಿ ಪರ ವಕೀಲರು ಅದನ್ನ ಬಳಸ್ತಾರೆ.

ಎಷ್ಟು ಜನ ಸಾಕ್ಷಿ ಬೇಕು? ಸಂಖ್ಯೆ ಇಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಸೆಕ್ಷನ್ ಇದನ್ನೇ ಹೇಳೋದು. ಹಳೇ ಕಾಯ್ದೆಯಲ್ಲಿ ಇದು 134 ಆಗಿತ್ತು. 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನ ಮೂರು ಥರ ವಿಂಗಡಿಸಿತು. ಪೂರ್ತಿ ನಂಬಬಹುದಾದವರು: ಒಬ್ಬರೇ ಸಾಕು. ಪೂರ್ತಿ ನಂಬಲಾಗದವರು: ಹತ್ತು ಜನ ಇದ್ರೂ ಉಪಯೋಗ ಇಲ್ಲ. ಇವೆರಡರ ಮಧ್ಯದವರು: ಇವರ ಮಾತಿಗೆ ಬೇರೆ ಕಡೆಯಿಂದ ಬೆಂಬಲ ಬೇಕು. ಡಾಕ್ಟರ್ ವರದಿ, ಸಿಸಿಟಿವಿ, ಸಿಕ್ಕಿದ ಚಾಕು, ಹೀಗೆ.

ಸತ್ತವರ ಮನೆಯವರು ಸಾಕ್ಷಿ ಆದ್ರೆ? ಸಂಬಂಧಿ ಅನ್ನೋ ಒಂದೇ ಕಾರಣಕ್ಕೆ ಸುಳ್ಳ ಅಂತ ತೀರ್ಮಾನ ಮಾಡಲ್ಲ. ತಮ್ಮವರನ್ನ ಕೊಂದವನನ್ನ ಬಿಟ್ಟು ಅಮಾಯಕನ ಹೆಸರನ್ನ ಮನೆಯವರು ಸಾಮಾನ್ಯವಾಗಿ ಹೇಳಲ್ಲ ಅನ್ನೋದು 1953ರ ದಲೀಪ್ ಸಿಂಗ್ ತೀರ್ಪಿನ ತರ್ಕ. ಹಳೇ ದ್ವೇಷ ಇದ್ರೆ ಮಾತ್ರ ಇನ್ನಷ್ಟು ಎಚ್ಚರದಿಂದ ಪರೀಕ್ಷೆ ಮಾಡ್ತಾರೆ.

ಇನ್ನು 'ಹಾಸ್ಟೈಲ್' ಆದವರು, ಅಂದ್ರೆ ತಿರುಗಿಬಿದ್ದ ಸಾಕ್ಷಿ. ಕೋರ್ಟ್ ಅನುಮತಿ ಕೊಟ್ರೆ ಸರ್ಕಾರಿ ವಕೀಲರೇ ತಮ್ಮ ಸಾಕ್ಷಿಗೆ ಪಾಟಿ ಸವಾಲು ಹಾಕ್ತಾರೆ. ಆಗಲೂ ಆ ಸಾಕ್ಷ್ಯ ಪೂರ್ತಿ ಅಳಿಸಿಹೋಗಲ್ಲ. ಜೊಳ್ಳು ತೂರಿ ಕಾಳು ಉಳಿಸ್ಕೊಂಡ ಹಾಗೆ, ನಂಬಬಹುದಾದ ಭಾಗವನ್ನ ಜಡ್ಜ್ ತಗೋಬಹುದು. ಅದು ಯಾವ ಕಡೆಗೆ ಬೇಕಾದ್ರೂ ಅನುಕೂಲ ಆಗಬಹುದು.

ಇಷ್ಟೆಲ್ಲ ಜರಡಿ ಯಾಕೆ? ಒಂದು ಮಾತಿನ ಮೇಲೆ ಒಬ್ಬ ಮನುಷ್ಯ ಜೀವನಪೂರ್ತಿ ಜೈಲಲ್ಲಿ ಇರಬಹುದು. ಅದೇ ಮಾತನ್ನ ನಂಬದೇ ಹೋದ್ರೆ ಒಂದು ಮನೆಗೆ ನ್ಯಾಯ ಸಿಗದೇ ಹೋಗಬಹುದು. ಜರಡಿ ಹಿಡಿದ ಮೇಲೂ ಸಮಂಜಸವಾದ ಸಂಶಯ ಉಳಿದ್ರೆ ಅದರ ಲಾಭ ಆರೋಪಿಗೆ.

ನಾಳೆ ನಿಮಗೇ ಸಮನ್ಸ್ ಬರಬಹುದು. ಬೆದರಿಕೆ ಇದ್ರೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಪ್ರಕಾರ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಕಟಕಟೆಯಲ್ಲಿ ನಿಂತಾಗ ಕಂಡಿದ್ದನ್ನ ಕಂಡಷ್ಟೇ ಹೇಳಿ. ಶರ್ಟಿನ ಬಣ್ಣ ನೆನಪಿಲ್ಲ ಅಂದ್ರೆ 'ನೆನಪಿಲ್ಲ' ಅನ್ನಿ, ಊಹೆ ಸೇರಿಸಬೇಡಿ. ಮರೆತಿದ್ದನ್ನ ಕೋರ್ಟ್ ಅರ್ಥ ಮಾಡ್ಕೊಳ್ಳುತ್ತೆ, ಕಟ್ಟಿ ಹೇಳಿದ ಕಥೆ ಪಾಟಿ ಸವಾಲಲ್ಲಿ ನಿಲ್ಲೋದು ಕಷ್ಟ.