ಭದ್ರಾವತಿಗೆ ಓಡಿ ಹೋಗಿ ಬರ್ತೀರಾ?

ಶಿವಮೊಗ್ಗದಿಂದ ಭದ್ರಾವತಿಗೆ ಓಡ್ಕೊಂಡು ಹೋಗಿ,
ಓಡ್ಕೊಂಡೇ ವಾಪಸ್ ಬಂದ್ರೆ?
ಆಗ್ಲೂ ಮ್ಯಾರಥಾನ್ ಮುಗಿಯಲ್ಲ!
ಅದು 42.195 ಕಿಲೋಮೀಟರ್.

ಮೊದಲ ಸಲ ಓಡೋರಿಗೆ ಪೆಟ್ಟು ಬೀಳೋದು
ಸಾಮಾನ್ಯವಾಗಿ 30 ದಾಟಿದ ಮೇಲೆ.
ಕಾಲು ಭಾರ. ತಲೆ ಮಂಕು.
ಯಾಕೆ?

ಭದ್ರಾವತಿ ಕಬ್ಬಿಣದ ಕಾರ್ಖಾನೆ ಗೊತ್ತಲ್ಲ?
1923ರಲ್ಲಿ ಅದರ ಕುಲುಮೆ ಉರೀತಿದ್ದದ್ದು
ಕಾಡಿನ ಸೌದೆಯ ಇದ್ದಿಲಿನಿಂದ.
ಇದ್ದಿಲು ಮುಗೀತಾ, ಕುಲುಮೆ ತಣ್ಣಗೆ.

ನಮ್ಮ ಮೈಯ ಇದ್ದಿಲು, ಗ್ಲೈಕೋಜನ್.
ತಿಂದ ಅನ್ನ, ಮುದ್ದೆ
ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಕೂಡಿಟ್ಟ ಗಂಟು.
ಶುರುವಲ್ಲೇ ಜೋರಾಗಿ ಓಡಿದ್ರೆ
ಬೇಗ ಖಾಲಿ!

ಅದಕ್ಕೇ ಮೊದಲ 10 ಕಿಲೋಮೀಟರ್
ಪಕ್ಕದವರ ಜೊತೆ ಮಾತಾಡೋಷ್ಟು ನಿಧಾನ.
ಸುಸ್ತಾಗೋಕೆ ಮುಂಚೆನೇ ಬಾಳೆಹಣ್ಣು, ಖರ್ಜೂರ.

ಯಾರೋ ಬಾಣದ ಹಾಗೆ ಮುಂದೆ ಹೋದ್ರಾ?
ಹೋಗ್ಲಿ ಬಿಡಿ.
ವಾಪಸ್ ಬರೋವಾಗ ಮಾಚೇನಹಳ್ಳಿ ಹತ್ರ ಸಿಗ್ತಾರೆ,
ನಡ್ಕೊಂಡು.